ಸಲಾಕೆ ಎಲ್ಲಿ ನಿಲ್ಲತ್ತೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೇಲಿ ಸ್ವಾಲ್ಬಾರ್ಡ್ ಬಗ್ಗೆ ಬರೆದಿದ್ದೆ. ನಾರ್ವೆಗೆ ಸೇರಿದ ದ್ವೀಪಗಳು ಅವು, 78 ಡಿಗ್ರಿ ಉತ್ತರದಲ್ಲಿ ಲಾಂಗ್‌ಇಯರ್‌ಬ್ಯೆನ್ ಅಂತ ಒಂದು ಊರು, ಅದರ ಪಕ್ಕ ಆಡ್ವೆಂಟ್‌ಡಾಲೆನ್ ಅಂತ ಅಗಲವಾದ ಕಣಿವೆ, ಅಲ್ಲಿ ಎರಡು ಬೇಸಿಗೆ ವಿದ್ಯಾರ್ಥಿ ಸಹಾಯಕನಾಗಿ ಹೆಪ್ಪುಗಟ್ಟಿರೋ ನೆಲಕ್ಕೆ ಸಲಾಕೆ ಚುಚ್ಚಿ ಅದು ಎಷ್ಟು ಆಳದವರೆಗೆ ಕರಗಿದೆ ಅಂತ ಅಳೆದಿದ್ದನ್ನ ಹೇಳಿದ್ದೆ. ಒಂದು ಪುಟದ ಬರಹ ಅಷ್ಟೇ. ಆದ್ರೆ ಅದಕ್ಕೆ ಬಂದಷ್ಟು ಪ್ರಶ್ನೆ ಈ ಅಂಕಣಕ್ಕೆ ಯಾವತ್ತೂ ಬಂದಿರ್ಲಿಲ್ಲ, ಅದರಲ್ಲೂ ಹೆಚ್ಚಿನವು ರೈತರಿಂದ ಬಂದಿವೆ, ನೆಲದ ಮಾತು ಅಂದ್ರೆ ಅವರಿಗೆ ಬೇಗ ತಟ್ಟತ್ತೆ ಅನ್ಸತ್ತೆ. ಕೆಲವನ್ನ ಆರಿಸಿ ಉತ್ತರ ಬರೀತಿದ್ದೀನಿ.

"ಪರ್ಮಾಫ್ರಾಸ್ಟ್ ಅಂದ್ರೆ ಯಾವಾಗ್ಲೂ ಹೆಪ್ಪುಗಟ್ಟಿರೋ ನೆಲ ಅಂತೀರಿ, ಮುಂದಿನ ಸಾಲಲ್ಲೇ ಪ್ರತಿ ಬೇಸಿಗೆ ಕರಗತ್ತೆ ಅಂತೀರಿ. ಯಾವುದು ನಿಜ?" (ಓದುಗರು, ತೀರ್ಥಹಳ್ಳಿ)

ಎರಡೂ ನಿಜ, ನಾನು ಬಿಡಿಸಿ ಹೇಳ್ಬೇಕಿತ್ತು. ಕನಿಷ್ಠ ಎರಡು ವರ್ಷ ಬಿಡದೆ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರೋ ನೆಲಕ್ಕೆ ಪರ್ಮಾಫ್ರಾಸ್ಟ್ ಅಂತಾರೆ, ಅದು ಮಣ್ಣಾದ್ರೂ ಸರಿ ಬಂಡೆಯಾದ್ರೂ ಸರಿ, ಐಸ್ ಇರ್ಲೇಬೇಕು ಅಂತ ಕೂಡ ಇಲ್ಲ. ಕೆಲವು ಕಡೆ ನೂರಾರು ಮೀಟರ್ ದಪ್ಪ ಇರತ್ತೆ. ಅದರ ಮೇಲೆ ಒಂದು ತೆಳು ಪದರ ಇದೆ ನೋಡಿ, ಅದು ಬೇಸಿಗೇಲಿ ಕರಗಿ ಚಳಿಗಾಲಕ್ಕೆ ಮತ್ತೆ ಕಲ್ಲಾಗತ್ತೆ. ಅದಕ್ಕೆ ಆಕ್ಟಿವ್ ಲೇಯರ್ ಅಂತಾರೆ. ಬೇರು ಬಿಡೋದು, ನೀರು ಹರಿಯೋದು, ಹುಳ ಓಡಾಡೋದು ಎಲ್ಲಾ ಅಲ್ಲೇ, ಕೆಳಗಿನದು ಅಲ್ಲಾಡಲ್ಲ. ನಾವು ಅಳೆಯೋದು ಈ ಮೇಲಿನ ಪದರ ಆ ವರ್ಷ ಎಷ್ಟು ಆಳಕ್ಕೆ ಇಳೀತು ಅನ್ನೋದನ್ನ. ಅಲಾಸ್ಕಾದ ಉತ್ತರ ತುದೀಲಿರೋ ಉಟ್ಕಿಯಾಗ್ವಿಕ್‌ನಲ್ಲಿ, ಮೊದಲು ಬ್ಯಾರೋ ಅಂತಿದ್ದ ಊರು, ಇದು ಹೆಚ್ಚು ಕಡಿಮೆ ಮೊಣಕಾಲು ಮುಳುಗೋಷ್ಟು ಇರತ್ತೆ. ಆಡ್ವೆಂಟ್‌ಡಾಲೆನ್‌ನಲ್ಲಿ ಸುಮಾರು ಒಂದು ಮೀಟರ್, ಅಂದ್ರೆ ಸೊಂಟದ ಹತ್ರ ಬರತ್ತೆ.

"ಇಷ್ಟೆಲ್ಲಾ ಸ್ಯಾಟಲೈಟ್ ಇರೋ ಕಾಲದಲ್ಲಿ ಕಬ್ಬಿಣದ ಸಲಾಕೆ ಹಿಡ್ಕೊಂಡು ಚುಚ್ಚೋದಾ? ನಿಜವಾಗ್ಲೂ ಹೇಗೆ ಅಳೀತೀರಿ, ಸ್ವಲ್ಪ ವಿವರವಾಗಿ ಹೇಳಿ." (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಹೌದಮ್ಮ, ಸಲಾಕೆನೇ. ಸ್ಟೇನ್‌ಲೆಸ್ ಸ್ಟೀಲ್, ಬೆರಳು ದಪ್ಪ, ಸುಮಾರು ಒಂದು ಸೆಂ.ಮೀ. ವ್ಯಾಸ, ಮೇಲೆ ಅಡ್ಡಕ್ಕೆ ಹಿಡಿ, ಮೈಮೇಲೆ ಸೆಂಟಿಮೀಟರ್ ಗುರುತು. ಕರಗೋ ಆಳ ಕಡಿಮೆ ಇರೋ ಕಡೆ ಒಂದು ಮೀಟರ್ ಉದ್ದ ಸಾಕು, ನಮ್ಮಲ್ಲಿ ಅದಕ್ಕಿಂತ ಉದ್ದದ್ದು ಬೇಕಾಗ್ತಿತ್ತು. ಅದಕ್ಕೆ ಪ್ರೋಬ್ ಅಂತ ಹೆಸರು.

ಜಾಗ ಮೊದಲೇ ಗೊತ್ತು ಮಾಡಿರ್ತಾರೆ. 100 ಮೀಟರ್‌ಗೆ 100 ಮೀಟರ್ ಚೌಕ, ಹತ್ತು ಹತ್ತು ಮೀಟರಿಗೆ ಒಂದು ಗೂಟ, ಹಾಗಾಗಿ ಒಂದು ಸಾಲಿಗೆ 11, ಹನ್ನೊಂದು ಸಾಲು, ಒಟ್ಟು 121 ಪಾಯಿಂಟ್. ಅಲಾಸ್ಕಾದಲ್ಲಿ ಒಂದು ಕಿಲೋಮೀಟರ್ ಚೌಕದ ಗ್ರಿಡ್‌ಗಳೂ ಇವೆ, ಅಲ್ಲಿ ನೂರು ಮೀಟರಿಗೊಂದು ಗೂಟ, ಲೆಕ್ಕ ಮಾತ್ರ ಅದೇ 121. ಈ ಪದ್ಧತಿಯನ್ನ 1991ರಿಂದ ಬೇರೆ ಬೇರೆ ದೇಶದವರು ಸೇರಿ ಒಂದೇ ಥರ ಮಾಡ್ತಾ ಬಂದಿದ್ದಾರೆ, ಸರ್ಕಂಪೋಲಾರ್ ಆಕ್ಟಿವ್ ಲೇಯರ್ ಮಾನಿಟರಿಂಗ್, ಚಿಕ್ಕದಾಗಿ ಕಾಮ್ (CALM) ಅಂತ ಕರೀತಾರೆ, ಈಗ 200ಕ್ಕೂ ಹೆಚ್ಚು ಜಾಗಗಳಿವೆ. ನಾವು ಅಳೆದ ಆಡ್ವೆಂಟ್‌ಡಾಲೆನ್ ಗ್ರಿಡ್ ಶುರುವಾಗಿದ್ದು 2000ರಲ್ಲಿ.

ಗೂಟದ ಹತ್ರ ಹೋಗಿ ಸಲಾಕೆ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಿಂದ ಒತ್ತಬೇಕು. ವಾಲಿಸಿದ್ರೆ ಆಳ ಜಾಸ್ತಿ ತೋರಿಸತ್ತೆ. ಮೊದಲು ಪಾಚಿ, ಅದು ಸ್ಪಂಜಿನ ಥರ, ಕೈಗೆ ಗೊತ್ತೇ ಆಗಲ್ಲ, ಆಮೇಲೆ ಕೆಸರು, ನಾಟಿಗೆ ತಯಾರಾದ ಗದ್ದೆಗೆ ಕೋಲು ಇಳಿಸಿದ ಹಾಗೆ ನಿಧಾನಕ್ಕೆ ಇಳಿಯತ್ತೆ, ಇಳೀತಾ ಇಳೀತಾ ಒಂದು ಕಡೆ ಗಕ್ಕನೆ ನಿಲ್ಲತ್ತೆ. ಆ ನಿಲ್ಲೋದನ್ನ ಕೈಯಿಂದ ಕಲೀಬೇಕು. ಹೆಪ್ಪುಗಟ್ಟಿದ ಮಣ್ಣಾದ್ರೆ ಶಬ್ದ ಮಂದವಾಗಿ "ದಬ್" ಅಂತ ಬರತ್ತೆ, ತುದಿ ಸ್ವಲ್ಪ ಕಚ್ಚಿಕೊಂಡ ಹಾಗಾಗತ್ತೆ. ಕಲ್ಲಾದ್ರೆ "ಟಿಣ್" ಅಂತ ಹಿಡೀವರೆಗೂ ನಡುಕ ಬರತ್ತೆ. ಕಲ್ಲು ಅನ್ಸಿದ್ರೆ ಕಿತ್ತು ಒಂದು ಗೇಣು ಪಕ್ಕಕ್ಕೆ ಮತ್ತೆ ಚುಚ್ಚಬೇಕು. ಆಮೇಲೆ ಪಾಚಿ ಮೇಲ್ಮಟ್ಟದಲ್ಲಿ ಸಲಾಕೆಯನ್ನ ಹೆಬ್ಬೆರಳು ತೋರುಬೆರಳಲ್ಲಿ ಬಿಗಿಯಾಗಿ ಹಿಡಿದು, ಪಾಚಿಯನ್ನ ಅಮುಕದೆ, ಮೇಲಕ್ಕೆಳೆದು ಗುರುತು ಓದಬೇಕು. ಪ್ರತಿ ಗೂಟದ ಹತ್ರ ಎರಡು ಸಲ ಚುಚ್ಚಿ ಸರಾಸರಿ ತಗೋತೀವಿ, ಯಾಕಂದ್ರೆ ಒಂದು ಹೆಜ್ಜೆ ಅಂತರದಲ್ಲೇ ಹತ್ತು ಸೆಂ.ಮೀ. ವ್ಯತ್ಯಾಸ ಬರೋದು ಮಾಮೂಲು.

ನನ್ನ ಮೊದಲ ದಿನದ್ದು ಒಂದು ಹೇಳ್ಬೇಕು. ಒಂದು ಸಾಲು ಪೂರ್ತಿ ನಾನೇ ಮುಗಿಸಿದ್ದೆ, ಸಂಜೆ ನಂಬರ್ ಟೈಪ್ ಮಾಡ್ತಾ ಇದ್ದಾಗ ಅಕ್ಕಪಕ್ಕ ಎಲ್ಲಾ 95, 101, 98 ಇರುವಾಗ ನಡುವೆ ಎರಡು ಕಡೆ 62, 58 ಅಂತ ಇತ್ತು. ನಮ್ಮನ್ನ ನೋಡ್ಕೊಳ್ತಿದ್ದ ಹಿರಿಯರು ಏನೂ ಬೈಲಿಲ್ಲ, ಮರುದಿನ ಬೆಳಿಗ್ಗೆ ಅದೇ ಎರಡು ಗೂಟದ ಹತ್ರ ಕರ್ಕೊಂಡು ಹೋಗಿ ನನ್ನ ಕೈಗೇ ಸಲಾಕೆ ಕೊಟ್ರು. ಎರಡೂ ಕಲ್ಲೇ. ಹಿಂದಿನ ದಿನ ಸುಸ್ತಾಗಿ ಶಬ್ದ ಕೇಳಿಸ್ಕೊಂಡಿರ್ಲಿಲ್ಲ. ಸರಿ ಮಾಡಿದ ಮೇಲೆ ಒಂದು 97 ಬಂತು, ಇನ್ನೊಂದು 103. ಆ ಎರಡು ತಪ್ಪು ಅಂಕಿ ಹಾಗೇ ಉಳಿದಿದ್ರೆ 121 ಪಾಯಿಂಟ್ ಸರಾಸರೀಲಿ ಮುಚ್ಚಿಹೋಗ್ತಿದ್ವು, ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅದು ನೆನೆಸ್ಕೊಂಡ್ರೆ ಈಗ್ಲೂ ಒಂಥರಾ ಆಗತ್ತೆ.

ಸ್ಯಾಟಲೈಟ್ ಬಗ್ಗೆ ಕೇಳಿದ್ರಿ. ನೆಲದ ಮೇಲ್ಮೈ ಎಷ್ಟು ಏರಿತು ಇಳೀತು ಅಂತ ರಾಡಾರ್ ಸ್ಯಾಟಲೈಟ್ ಹೇಳಬಲ್ಲದು, ಆದ್ರೆ ಮಣ್ಣು ಎಲ್ಲಿವರೆಗೆ ಮೆತ್ತಗಿದೆ ಅಂತ ಅದು ನೇರವಾಗಿ ನೋಡಲ್ಲ, ಲೆಕ್ಕ ಹಾಕಿ ಊಹಿಸತ್ತೆ, ಆ ಊಹೆ ಸರಿಯಾ ಅಂತ ನೋಡೋಕೆ ಮತ್ತೆ ಯಾರೋ ಹೋಗಿ ಚುಚ್ಚಲೇಬೇಕು. ಸಲಾಕೆಗೂ ಮಿತಿ ಇದೆ. ಅದು ನಿಲ್ಲೋದು ಗಟ್ಟಿ ಸಿಕ್ಕಲ್ಲಿ, ಸೊನ್ನೆ ಡಿಗ್ರಿ ಸಿಕ್ಕಲ್ಲಿ ಅಲ್ಲ. ಉಪ್ಪಿನಂಶ ಇರೋ ನೆಲ, ತುಂಬಾ ನಯವಾದ ಜೇಡಿ, ಇವು ಸೊನ್ನೆಗಿಂತ ಕೆಳಗೆ ಹೋದ್ರೂ ಸ್ವಲ್ಪ ಕಾಲ ಮೆತ್ತಗೇ ಇರ್ತವೆ, ಆಗ ಸಲಾಕೆ ಮೋಸ ಮಾಡತ್ತೆ. ಅದಕ್ಕೇ ಗ್ರಿಡ್ ಪಕ್ಕದಲ್ಲಿ ಬೇರೆ ಬೇರೆ ಆಳಕ್ಕೆ ಟೆಂಪರೇಚರ್ ಸೆನ್ಸರ್ ಹೂತಿಟ್ಟು ಗಂಟೆ ಗಂಟೆಗೂ ದಾಖಲು ಮಾಡ್ತಾರೆ.

ಇನ್ನೊಂದು ಉಪಕರಣ ನನಗೆ ತುಂಬಾ ಇಷ್ಟ, ಕೆನಡಾದ ಮೆಕೆಂಜಿ ಕಣಿವೇಲಿ ಹೆಚ್ಚು ಬಳಸಿದ್ದು, ಥಾ ಟ್ಯೂಬ್ ಅಂತ. ಒಂದು ಪೈಪನ್ನ ಕೆಳಗಿನ ಪರ್ಮಾಫ್ರಾಸ್ಟ್‌ಗೇ ಊರಿ ನಿಲ್ಲಿಸ್ತಾರೆ, ಅದರೊಳಗೆ ನೀರು ತುಂಬಿದ ಪಾರದರ್ಶಕ ಕೊಳವೆ, ಅದರಲ್ಲಿ ಸಣ್ಣ ಬಣ್ಣದ ಮಣಿ. ಹೊರಗಿನ ನೆಲ ಕರಗಿದ ಹಾಗೆ ಕೊಳವೆ ಒಳಗಿನ ಐಸೂ ಕರಗತ್ತೆ, ಮಣಿಗಳು ಐಸಿನ ತಲೆ ಮೇಲೆ ಕೂತು ಕೆಳಗಿಳೀತಾ ಹೋಗ್ತವೆ, ಚಳಿಗಾಲ ಬಂದು ನೀರು ಮತ್ತೆ ಗಟ್ಟಿಯಾದಾಗ ಅಲ್ಲೇ ಸಿಕ್ಕಿಹಾಕಿಕೊಳ್ತವೆ. ಮುಂದಿನ ವರ್ಷ ಹೋಗಿ ನೋಡಿದ್ರೆ ಹಿಂದಿನ ಬೇಸಿಗೆ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಮಣಿ ಸಾಲು ಹೇಳತ್ತೆ. ಬ್ಯಾಟರಿ ಬೇಡ, ವೈರ್ ಬೇಡ.

"ಆಗಸ್ಟ್ ಕೊನೇಲೇ ಯಾಕೆ ಅಳೀಬೇಕು? ಜುಲೈ ಅಲ್ಲಿ ಬಿಸಿಲು ಜಾಸ್ತಿ ಅಲ್ವಾ?" (ಶಿಕ್ಷಕಿ, ಮೈಸೂರು)

ಮೇಡಂ, ಗಾಳಿಗೆ ಬಿಸಿ ಜುಲೈ, ನೆಲದ ಒಳಗೆ ಆ ಬಿಸಿ ಇಳಿದು ಮುಟ್ಟೋದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು. ಜುಲೈನಲ್ಲಿ ಅಳೆದ್ರೆ ಅದು ಆ ದಿನದ ಕರಗಿದ ಆಳ ಅಷ್ಟೇ, ಆ ವರ್ಷದ ಗರಿಷ್ಠ ಅಲ್ಲ. ತರಗತೀಲಿ ಹೇಳೋಕೆ ಬೇಕಾದ್ರೆ ಇದನ್ನೂ ಸೇರಿಸ್ಕೊಳ್ಳಿ: ಕರಗುವಿಕೆ ಶುರುವಿನಲ್ಲಿ ಸರಸರ ಇಳಿಯತ್ತೆ, ಆಮೇಲೆ ನಿಧಾನ ಆಗ್ತಾ ಹೋಗತ್ತೆ, ಯಾಕಂದ್ರೆ ಈಗಾಗ್ಲೇ ಕರಗಿದ ಮಣ್ಣೇ ಕೆಳಗಿನ ಐಸಿಗೆ ಕಂಬಳಿ ಆಗಿಬಿಡತ್ತೆ. 20 ಸೆಂ.ಮೀ. ಕರಗೋಕೆ ಒಂದು ಪಾಲು ಬಿಸಿ ಬೇಕಾದ್ರೆ 40 ಸೆಂ.ಮೀ. ಮುಟ್ಟೋಕೆ ಎರಡು ಪಾಲು ಸಾಲಲ್ಲ, ನಾಲ್ಕು ಪಾಲು ಬೇಕು. ಆಸ್ಟ್ರಿಯಾದ ಭೌತವಿಜ್ಞಾನಿ ಜೋಸೆಫ್ ಸ್ಟೆಫಾನ್ 19ನೇ ಶತಮಾನದ ಕೊನೇಲಿ ಸಮುದ್ರದ ಐಸ್ ಎಷ್ಟು ದಪ್ಪ ಬೆಳೆಯತ್ತೆ ಅಂತ ಹಾಕಿದ ಲೆಕ್ಕ ಅದು, ತಿರುಗಿಸಿ ಕರಗೋದಕ್ಕೂ ಬಳಸ್ತೀವಿ. ಜೊತೆಗೆ ಐಸ್ ಕರಗೋಕೆ ಎಷ್ಟು ಬಿಸಿ ನುಂಗತ್ತೆ ಅಂದ್ರೆ, ಒಂದು ಕೆಜಿ ಐಸ್ ಬರೀ ಕರಗಿಸೋ ಬಿಸೀಲಿ ಅಷ್ಟೇ ನೀರನ್ನ ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಒಲೆ ಮುಂದೆ ನಿಂತು ಯೋಚಿಸಿದ್ರೆ ಅರ್ಥ ಆಗತ್ತೆ.

"ಪಾಚಿ ಕಿತ್ತರೆ ನೆಲ ಜಾಸ್ತಿ ಕರಗತ್ತೆ ಅಂತ ಬರೆದಿದ್ರಿ. ನಮ್ಮ ತೋಟಕ್ಕೆ ಸೊಪ್ಪು ಹೊದಿಸಿದ ಹಾಗಾ?" (ಅಡಿಕೆ ಬೆಳೆಗಾರರು, ಶಿರಸಿ)

ಅದೇ, ಅದೇ. ಬೆಟ್ಟದ ಸೊಪ್ಪು ಹಾಸಿದ್ರೆ ಬುಡ ತಂಪಾಗಿ ಇರತ್ತಲ್ಲ, ಅಲ್ಲಿ ಪಾಚಿ ಆ ಕೆಲಸ ಮಾಡತ್ತೆ. ಇನ್ನೊಂದು ಗುಣ ಸೊಪ್ಪಿಗಿಲ್ಲ ಪಾಚಿಗಿದೆ: ಬೇಸಿಗೇಲಿ ಒಣಗಿ ಹಗುರಾಗಿ ಬಿಸಿಯನ್ನ ಒಳಗೆ ಬಿಡಲ್ಲ, ಶರತ್ಕಾಲಕ್ಕೆ ನೀರು ಕುಡಿದು ಹೆಪ್ಪುಗಟ್ಟಿದ ಮೇಲೆ ಒಳಗಿನ ಬಿಸಿಯನ್ನ ಸಲೀಸಾಗಿ ಹೊರಗೆ ಬಿಡತ್ತೆ, ಐಸು ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಬಿಸಿ ಸಾಗಿಸತ್ತೆ ನೋಡಿ. ಅಂದ್ರೆ ಬರೋ ಬಿಸಿಗೆ ಬಾಗಿಲು ಹಾಕಿ ಹೋಗೋ ಬಿಸಿಗೆ ಬಾಗಿಲು ತೆಗೆಯತ್ತೆ. ಹಿಮದ್ದು ಇದಕ್ಕೆ ಉಲ್ಟಾ. ಚಳಿಗಾಲದಲ್ಲಿ ದಪ್ಪ ಹಿಮ ಬಿದ್ರೆ ನೆಲಕ್ಕೆ ರಗ್ಗು ಹೊದಿಸಿದ ಹಾಗೆ, ಮೇಲೆ ಎಷ್ಟು ಕೊರೆದ್ರೂ ಚಳಿ ಒಳಗೆ ಹೋಗಲ್ಲ, ನೆಲ ಬೆಚ್ಚಗೇ ಉಳಿಯತ್ತೆ. ಪಾಚಿ ಇಷ್ಟು ಕಾಯೋದರಿಂದಲೇ ಟಂಡ್ರಾ ಮೇಲೆ, ಅಂದ್ರೆ ಮರ ಬೆಳೆಯದ ಆ ಉತ್ತರದ ಬಯಲಲ್ಲಿ, ಒಂದು ಸಲ ಟ್ರ್ಯಾಕ್ಟರ್ ಓಡಿಸಿ ಪಾಚಿ ಹರಿದ್ರೆ ಆ ಗಾಲಿ ಗುರುತು ದಶಕಗಟ್ಟಲೆ ಹಾಗೇ ಇರತ್ತೆ, ಮೊದಲು ಗೀರು, ಆಮೇಲೆ ಕಾಲುವೆ ಆಗತ್ತೆ. ನಾವೂ ಗ್ರಿಡ್ ಒಳಗೆ ಬೇಕಾದಷ್ಟೇ ಹೆಜ್ಜೆ ಇಡ್ತಿದ್ವಿ, ವರ್ಷಾ ವರ್ಷಾ ತುಳಿದ ಜಾಗ ನಾವೇ ಕೆಡಿಸಿದ ಜಾಗ ಆಗಬಾರದಲ್ಲ.

"ಅಲಾಸ್ಕಾದ ಕೆಲವು ಜಾಗದ ಗ್ರಾಫ್ ನೋಡಿದೆ. ಆಕ್ಟಿವ್ ಲೇಯರ್ ಆಳ ವರ್ಷದಿಂದ ವರ್ಷಕ್ಕೆ ಮೇಲೆ ಕೆಳಗೆ ಆಗತ್ತೆ ಹೊರತು ಅಂಥಾ ಏರಿಕೆ ಏನಿಲ್ಲ. ಹಾಗಾದ್ರೆ ಪರ್ಮಾಫ್ರಾಸ್ಟ್ ಕರಗ್ತಿದೆ ಅನ್ನೋದು ಅತಿಶಯೋಕ್ತಿ ಅಲ್ವಾ?" (ಡೇಟಾ ಅನಲಿಸ್ಟ್, ಬೆಂಗಳೂರು)

ಈ ಸಲ ಬಂದ ಪ್ರಶ್ನೆಗಳಲ್ಲಿ ಇದೇ ಅತಿ ಮುಖ್ಯ ಅಂತ ನನಗನ್ಸತ್ತೆ. ನೀವು ಗ್ರಾಫ್ ಸರಿಯಾಗೇ ಓದಿದ್ದೀರಿ. ವಿಜ್ಞಾನಿಗಳಿಗೂ ಇದು ವರ್ಷಗಟ್ಟಲೆ ಕಾಡಿತ್ತು, ಗಾಳಿ ಬಿಸಿ ಆಗ್ತಿದೆ, ಆಳದ ಬೋರ್‌ಹೋಲ್‌ಗಳಲ್ಲಿ ಪರ್ಮಾಫ್ರಾಸ್ಟ್ ಬಿಸಿ ಆಗ್ತಿರೋದು ಕಾಣ್ತಿದೆ, ಆದ್ರೆ ಸಲಾಕೆ ಮಾತ್ರ ಹೆಚ್ಚು ಕಡಿಮೆ ಅದೇ ಅಂಕಿ ಕೊಡ್ತಿದೆ, ಯಾಕೆ?

ಸಲಾಕೆ ಆಳವನ್ನ ಎಲ್ಲಿಂದ ಅಳೆಯತ್ತೆ? ನೆಲದ ಮೇಲ್ಮೈಯಿಂದ. ಆ ಮೇಲ್ಮೈನೇ ಕೆಳಗೆ ಕುಸಿದ್ರೆ? ಪರ್ಮಾಫ್ರಾಸ್ಟಿನ ತಲೆಭಾಗದಲ್ಲಿ ಬಹಳ ಕಡೆ ಮಣ್ಣಿಗಿಂತ ಐಸೇ ಜಾಸ್ತಿ. ಅದು ಕರಗಿ ನೀರು ಹರಿದುಹೋದ ಮೇಲೆ ಮಣ್ಣು ಆ ಜಾಗಕ್ಕೆ ಕೂತ್ಕೊಳ್ಳತ್ತೆ, ಮೇಲಿನ ನೆಲ ಇಡಿಯಾಗಿ ಇಳಿಯತ್ತೆ, ಗುಂಡಿ ಬೀಳಲ್ಲ, ಬಿರುಕು ಬಿಡಲ್ಲ, ಕಣ್ಣಿಗೆ ಏನೂ ಕಾಣಲ್ಲ. ಒಂದು ಲೆಕ್ಕ ಮಾಡಿ ನೋಡಿ. ಮೊದಲ ವರ್ಷ ಸಲಾಕೆ 40 ಸೆಂ.ಮೀ.ಗೆ ನಿಂತಿತು ಅಂದ್ಕೊಳ್ಳಿ. ಹತ್ತು ವರ್ಷ ಆದ್ಮೇಲೆ 42ಕ್ಕೆ ನಿಲ್ಲತ್ತೆ. ಗ್ರಾಫಲ್ಲಿ 2 ಸೆಂ.ಮೀ. ಬದಲಾವಣೆ. ಆದ್ರೆ ಈ ನಡುವೆ ನೆಲ 8 ಸೆಂ.ಮೀ. ಕುಸಿದಿದ್ರೆ ಕರಗಿದ ಗಡಿ ನಿಜವಾಗಿ ಇಳಿದಿದ್ದು 10 ಸೆಂ.ಮೀ. ಅಳೆದಿದ್ದಕ್ಕೆ ಐದು ಪಟ್ಟು!

ಇದನ್ನ ಹಿಡಿಯೋಕೆ ಅಲಾಸ್ಕಾದ ನಾರ್ತ್ ಸ್ಲೋಪ್‌ನಲ್ಲಿ ಅದೇ ಗ್ರಿಡ್‌ಗಳ ಮೇಲ್ಮೈ ಎತ್ತರವನ್ನ ತುಂಬಾ ನಿಖರವಾದ ಜಿಪಿಎಸ್‌ನಿಂದ ವರ್ಷಾ ವರ್ಷಾ ಅಳೆದ್ರು, ಯಾರೂ ಮುಟ್ಟದ, ತುಳಿಯದ ಟಂಡ್ರಾ ಕೂಡ ಸದ್ದಿಲ್ಲದೆ ಇಳೀತಿದೆ ಅಂತ ಕಂಡುಬಂತು, 2013ರಲ್ಲಿ ಅದು ಪ್ರಕಟವಾಯ್ತು. ಆ ಇಳಿತ ಸೇರಿಸಿದ ಮೇಲೆ ಸುಮ್ಮನಿದ್ದ ಗ್ರಾಫ್ ಸುಮ್ಮನೆ ಉಳೀಲಿಲ್ಲ. ನಾನು ಮೊದಲ ಸಲ ಇದನ್ನ ಓದಿದಾಗ ರಾತ್ರಿ ನಿದ್ದೆ ಸರಿ ಬರ್ಲಿಲ್ಲ, ಯಾಕಂದ್ರೆ ನಾನು ಕೈಯಾರೆ ಬರೆದ ಅಂಕಿಗಳು ಸುಳ್ಳಲ್ಲ, ಒಂದೊಂದೂ ನಿಜ, ಆದ್ರೂ ಅವು ಹೇಳ್ತಿದ್ದ ಕಥೆ ಅರ್ಧ ಮಾತ್ರ. ನಮ್ಮ ಕಾಲೂ ನಮ್ಮ ಅಳತೆಗೋಲೂ ಎರಡೂ ಇಳಿಯೋ ನೆಲದ ಮೇಲೇ ನಿಂತಿದ್ವು. ಹಾಗಾಗಿ ಮುಂದೆ ಯಾವ ಗ್ರಾಫ್ ನೋಡಿದ್ರೂ, ಪರ್ಮಾಫ್ರಾಸ್ಟ್ ಅಂತಲ್ಲ ಯಾವುದಾದ್ರೂ ಸರಿ, ಸೊನ್ನೆ ಎಲ್ಲಿ ಇಟ್ಟಿದ್ದಾರೆ ಅಂತ ಮೊದಲು ಕೇಳಿ.

ಯಾಕೆ ಇಷ್ಟು ತಲೆ ಕೆಡಿಸ್ಕೊಳ್ಬೇಕು ಅಂದ್ರೆ, ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಲ್ಲಿ ಇರೋ ಸಾವಯವ ಕಾರ್ಬನ್ ಈಗ ವಾತಾವರಣದಲ್ಲಿ ಇರೋದರ ಸುಮಾರು ಎರಡು ಪಟ್ಟು. ಸಾವಿರಾರು ವರ್ಷದ ಬೇರು, ಎಲೆ, ಹುಲ್ಲು, ಕೊಳೆಯದೆ ಕೂತಿವೆ. ಗಡಿ ಹತ್ತು ಸೆಂ.ಮೀ. ಇಳೀತು ಅಂದ್ರೆ ಅಷ್ಟು ದಪ್ಪದ ಗೊಬ್ಬರ ಗುಂಡಿ ತೆರೆದ ಹಾಗೆ.

"ಆ ನೆಲದಲ್ಲಿ ಹೂತ ಹೆಣ ಕೊಳೆಯಲ್ವಂತೆ, ಹಳೇ ರೋಗ ಎದ್ದು ಬರತ್ತಂತೆ, ನಿಜವಾ?" (ಓದುಗರು, ಉಡುಪಿ)

ಎಷ್ಟು ಆಳಕ್ಕೆ ಹೂತಿದ್ದಾರೆ ಅನ್ನೋದರ ಮೇಲೆ ಹೋಗತ್ತೆ, ನಾವು ಮಾತಾಡ್ತಿರೋ ಅಳತೆಯೇ ಅದು. ಎರಡು ಊರಿನ ಕಥೆ ಕೇಳಿ. 1918ರ ಫ್ಲೂ ಗೊತ್ತಲ್ಲ, ನಮ್ಮ ದೇಶದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಹೋದ್ರು. ಅದೇ ಜ್ವರಕ್ಕೆ ಗಣಿ ಕೆಲಸಕ್ಕೆ ಅಂತ ಲಾಂಗ್‌ಇಯರ್‌ಬ್ಯೆನ್‌ಗೆ ಹೊರಟು ಬಂದ ಏಳು ಜನ ಯುವಕರು ತೀರ್ಕೊಂಡು ಅಲ್ಲಿನ ಗುಡ್ಡದ ಬುಡದ ಸ್ಮಶಾನದಲ್ಲಿ ಮಣ್ಣಾದ್ರು. 1998ರಲ್ಲಿ ವಿಜ್ಞಾನಿಗಳು ಆ ಫ್ಲೂ ವೈರಸ್ ಹುಡುಕೋಕೆ, ನೆಲದೊಳಗೆ ನೋಡೋ ರಾಡಾರ್ ಹಾಕಿ ನೋಡಿ, ಹೆಣಗಳು ಪರ್ಮಾಫ್ರಾಸ್ಟಲ್ಲೇ ಭದ್ರವಾಗಿ ಇರ್ಬಹುದು ಅನ್ನೋ ಭರವಸೆಯಿಂದ ಅಗೆದ್ರು. ಪೆಟ್ಟಿಗೆಗಳು ಸಿಕ್ಕಿದ್ದು ಅರ್ಧ ಮೀಟರ್ ಆಸುಪಾಸಿನಲ್ಲೇ. ಅಂದ್ರೆ ಆಕ್ಟಿವ್ ಲೇಯರ್ ಒಳಗೆ. ಎಂಬತ್ತು ಬೇಸಿಗೆ ಅವರು ಕರಗಿ, ಎಂಬತ್ತು ಚಳಿಗಾಲ ಹೆಪ್ಪುಗಟ್ಟಿದ್ರು, ಅಂಥದ್ದೇನೂ ಉಳಿದಿರ್ಲಿಲ್ಲ.

ಇನ್ನೊಂದು ಕಡೆ ಅಲಾಸ್ಕಾದ ಬ್ರೆವಿಗ್ ಮಿಷನ್. 1918ರ ನವೆಂಬರ್‌ನಲ್ಲಿ ಕೆಲವೇ ದಿನದಲ್ಲಿ ಆ ಪುಟ್ಟ ಊರಿನ 72 ಜನ ಸತ್ತು ಒಂದೇ ಗುಂಡಿ ಸೇರಿದ್ರು. ಯೋಹಾನ್ ಹಲ್ಟಿನ್ ಅನ್ನೋ ವಿಜ್ಞಾನಿ ಅದೇ ವೈರಸ್ ಹುಡುಕ್ತಾ 1951ರಲ್ಲಿ ಬೆಂಕಿ ಹಾಕಿ ನೆಲ ಕರಗಿಸಿ ಅಗೆದ್ರು, ವೈರಸ್ ಸಿಗ್ಲಿಲ್ಲ, ಬಿಡ್ಲಿಲ್ಲ ಪುಣ್ಯಾತ್ಮ, 46 ವರ್ಷ ಆದ್ಮೇಲೆ 1997ರಲ್ಲಿ ತಮ್ಮ 72ನೇ ವಯಸ್ಸಲ್ಲಿ ಮತ್ತೆ ಹೋದ್ರು, ಊರಿನವರ ಒಪ್ಪಿಗೆ ಪಡೆದು ಅಗೆದ್ರು, ಸುಮಾರು ಎರಡು ಮೀಟರ್ ಕೆಳಗೆ ಒಬ್ಬ ಹೆಣ್ಣುಮಗಳ ಶ್ವಾಸಕೋಶ ಹಾಗೇ ಇತ್ತು. ಅದರಿಂದ ಆ ವೈರಸ್ಸಿನ ಜೀನೋಮ್, ಅಂದ್ರೆ ಅದರ ಎಲ್ಲಾ ಜೀನ್‌ಗಳನ್ನ ಪೂರ್ತಿ ಓದೋಕೆ ದೊಡ್ಡ ಸಹಾಯ ಆಯ್ತು, 2005ಕ್ಕೆ ಮುಗೀತು. ಸಿಕ್ಕಿದ್ದು ಚೂರು ಚೂರಾದ ಜೀನ್, ಬದುಕಿರೋ ವೈರಸ್ ಅಲ್ಲ, ಅದನ್ನ ಗಮನಿಸಿ.

"ನಮ್ಮ ದೇಶದಲ್ಲಿ ಇದೆಯಾ?" (ಓದುಗರು, ಕಲಬುರಗಿ)

ಇದೆ, ಲಡಾಖ್‌ನ ಎತ್ತರದ ಜಾಗಗಳಲ್ಲಿ. ಅಲ್ಲಿ ಕಲ್ಲು ಮರಡಿ ಜಾಸ್ತಿ, ಸಲಾಕೆ ಇಳಿಯಲ್ಲ, ಸೆನ್ಸರ್ ಹೂತಿಟ್ಟೇ ನೋಡ್ಬೇಕು. ಸ್ವಾಲ್ಬಾರ್ಡ್‌ನ ನ್ಯೂ ಓಲೆಸುಂಡ್‌ನಲ್ಲೂ ನಮ್ಮ ದೇಶದ ಹಿಮಾದ್ರಿ ಅನ್ನೋ ಸಂಶೋಧನಾ ಕೇಂದ್ರ 2008ರಿಂದ ಇದೆ, ಆಸಕ್ತಿ ಇರೋ ವಿದ್ಯಾರ್ಥಿಗಳು ಗೋವಾದಲ್ಲಿರೋ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಪ್ರಕಟಣೆಗಳನ್ನ ನೋಡ್ತಿರಿ.

"ಕರಡಿ ಬಂದ್ರೆ?" (ಆರನೇ ತರಗತಿ, ಸಾಗರ)

ಒಬ್ಬರು ಯಾವಾಗ್ಲೂ ಬಂದೂಕು ಹಿಡಿದು ಕಾಯ್ತಾ ನಿಲ್ತಿದ್ರು ಪುಟ್ಟ. ಊರು ದಾಟಿದ್ರೆ ಹಿಮಕರಡಿ ಓಡಿಸೋ ಸಾಮಾನು ಇರ್ಲೇಬೇಕು ಅಂತ ಅಲ್ಲಿ ಕಾನೂನು. ನಾನು ಇದ್ದಾಗ ಬರ್ಲಿಲ್ಲ, ಹಿಮಸಾರಂಗ ಮಾತ್ರ ಗೂಟದ ಪಕ್ಕ ಬಂದು ಮೇಯ್ಕೊಂಡು ಹೋಗ್ತಿದ್ವು.

"ನಮ್ಮ ಹೈಸ್ಕೂಲ್ ಮಕ್ಕಳು ಇಂಥದ್ದು ಏನಾದ್ರೂ ಅಳೀಬಹುದಾ? ಇಲ್ಲಿ ಐಸ್ ಎಲ್ಲಿಂದ ತರೋಣ?" (ವಿಜ್ಞಾನ ಮೇಷ್ಟ್ರು, ಚಿಕ್ಕನಾಯಕನಹಳ್ಳಿ)

ಐಸ್ ಬೇಡ ಮೇಷ್ಟ್ರೇ. ಊರಲ್ಲಿ ಒಂದು ತೆರೆದ ಬಾವಿ ಉಳಿದಿದ್ರೆ ಸಾಕು. ಹಗ್ಗಕ್ಕೆ ಭಾರ ಕಟ್ಟಿ, ಪ್ರತಿ ತಿಂಗಳು ಒಂದೇ ತಾರೀಖು, ಬೆಳಿಗ್ಗೆ ಯಾರೂ ಪಂಪ್ ಹಾಕೋ ಮೊದಲು, ನೀರಿನ ಮಟ್ಟ ಎಷ್ಟು ಕೆಳಗಿದೆ ಅಂತ ಅಳೆದು ಒಂದು ನೋಟ್‌ಬುಕ್ಕಲ್ಲಿ ಬರೆಸಿ. ಇಬ್ಬರು ಮಕ್ಕಳು ಬೇರೆ ಬೇರೆ ಅಳೀಲಿ, ಎರಡನ್ನೂ ಬರೀಲಿ, ಒಂದನ್ನ ನೋಡಿ ಇನ್ನೊಂದನ್ನ ತಿದ್ದೋದು ಬೇಡ. ಈ ವರ್ಷದ ಮಕ್ಕಳು ಪಾಸಾಗಿ ಹೋಗ್ತಾರೆ, ನೋಟ್‌ಬುಕ್ ಮುಂದಿನ ಬ್ಯಾಚಿಗೆ ಹೋಗ್ಲಿ. ಮತ್ತೆ ಮೊದಲ ಪುಟದಲ್ಲೇ ಎಲ್ಲಿಂದ ಅಳೆದ್ವಿ ಅಂತ ಚಿತ್ರ ಸಮೇತ ಬರೆಸಿ, ಬಾವಿ ಕಟ್ಟೆ ಮೇಲಿಂದಲಾ, ಹೊರಗಿನ ನೆಲದಿಂದಲಾ ಅಂತ. ಕಟ್ಟೆ ಒಂದಿನ ಯಾರೋ ರಿಪೇರಿ ಮಾಡಿ ಒಂದು ಸಾಲು ಇಟ್ಟಿಗೆ ಏರಿಸ್ತಾರೆ, ಹೊರಗಿನ ನೆಲಕ್ಕೆ ಯಾರೋ ಮಣ್ಣು ತುಂಬಿಸ್ತಾರೆ. ಪಕ್ಕದಲ್ಲಿ ಅಲ್ಲಾಡದ ಬಂಡೆ ಇದ್ರೆ ಅದಕ್ಕೊಂದು ಬಣ್ಣದ ಗುರುತು ಹಾಕಿ, ಕಟ್ಟೆ ಆ ಗುರುತಿಗಿಂತ ಎಷ್ಟು ಎತ್ತರ ಇದೆ ಅಂತ ವರ್ಷಕ್ಕೊಂದು ಸಲ ನೋಡಿ, ಅದನ್ನೂ ಅದೇ ನೋಟ್‌ಬುಕ್ಕಲ್ಲಿ ಬರೆಸಿ.